ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟ ಸಮನ್ಸು



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅತ್ತೆ-ಸೊಸೆಯರ ವಿಷಯ, ಮಕ್ಕಳ ಓದಿನ ವಿಷಯ, ಇಲ್ಲವೆ ಮಗಳ ಮದುವೆಯ ಚಿಂತೆ. ಈ ಹದಿನೈದು ದಿನಗಳಲ್ಲಿ ಬಂದ ಮೂರು ಪತ್ರಗಳು ಮಾತ್ರ ಬೇರೆ ಬಗೆಯವು. ಒಂದು ಸಿರುಗುಪ್ಪದ್ದು, ಒಂದು ಕುರುಗೋಡಿನದು, ಇನ್ನೊಂದು ಬಳ್ಳಾರಿ ಪೇಟೆಯದು. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ. ಆದರೆ ಮೂವರದೂ ಒಂದೇ ಭಯ: “ಮನೆಗೆ ಕೋರ್ಟಿನ ಕಾಗದ ಬಂದರೆ ಏನು ಮಾಡುವುದು?”

ಸಿರುಗುಪ್ಪದ ಸೋದರಿಯ ಪತ್ರದಿಂದಲೇ ಶುರುಮಾಡೋಣ. ಆಕೆ ಬರೆಯುತ್ತಾರೆ: “ನಮ್ಮ ಯಜಮಾನರ ಹೆಸರಿಗೆ ಸಮನ್ಸು ಇದೆ ಎಂದು ಪೊಲೀಸಿನವರು ಬಂದಿದ್ದರು. ಅವರು ಮನೆಯಲ್ಲಿ ಇರಲಿಲ್ಲ. ಗಂಡಸರು ಬಂದ ಮೇಲೆ ಬನ್ನಿ ಎಂದೆ. ನೀವೇ ತಗೊಳ್ಳಬಹುದು, ಸಹಿ ಹಾಕಿ ಎಂದರು. ನಾನು ಹೆದರಿ ಬಾಗಿಲು ಹಾಕಿಕೊಂಡೆ. ನಾನು ಮಾಡಿದ್ದು ಸರಿಯೇ? ಸಹಿ ಹಾಕಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತಿತ್ತೇ?”

ಈ ಪತ್ರ ಓದುತ್ತಿದ್ದಂತೆ ನನಗೆ ನನ್ನ ಚಿಕ್ಕಮ್ಮನ ಮಗಳು ನೆನಪಾದಳು. ಅವಳನ್ನೂ ಸಿರುಗುಪ್ಪಕ್ಕೇ ಕೊಟ್ಟಿದೆ. ಗಂಡ ರೈಸ್ ಮಿಲ್ಲೊಂದರಲ್ಲಿ ಗುಮಾಸ್ತ. ಹೋದ ವರ್ಷ ಮನೆಯ ಮೇಲೊಂದು ಕೋಣೆ ಎಬ್ಬಿಸಲು ಉಸುಕು, ಜಲ್ಲಿ ತರಿಸಿದರು. ಬಾಗಿಲ ಮುಂದೆ ಜಾಗವೆಲ್ಲಿದೆ? ಬೀದಿಯಲ್ಲೇ ಸುರಿಸಿದರು. ಎಂಟು ದಿನ ಎಂದದ್ದು ಒಂದೂವರೆ ತಿಂಗಳಾಯಿತು. ಓಣಿಯಲ್ಲಿ ಗಾಡಿ ತಿರುಗಲು ಆಗದೆ ಯಾರೋ ದೂರು ಕೊಟ್ಟರು, ಕೇಸಾಯಿತು.

ಒಂದು ಮಧ್ಯಾಹ್ನ ಇವಳು ಮಂಡಕ್ಕಿ ನೆನೆಹಾಕಿ ಒಗ್ಗಾಣಿಗೆ ಈರುಳ್ಳಿ ಹೆಚ್ಚುತ್ತಾ ಕುಳಿತಿದ್ದಾಳೆ, ಬಾಗಿಲ ಮುಂದೆ ಪೊಲೀಸ್ ಪೇದೆ.

“ಯವ್ವಾ, ಯಜಮಾನ್ರು ಅದಾರೇನು?”

“ಇಲ್ರೀ, ಮಿಲ್ಲಿಗೆ ಹೋಗ್ಯಾರ.”

“ಮಿಲ್ಲಿಗೂ ಹೋಗಿದ್ದೆ, ಸಿಗಲಿಲ್ಲ. ನೀವೇ ತಗೋರಿ. ಇಲ್ಲೊಂದು ಸೈ ಹಾಕ್ರಿ.”

ಇವಳು ಈರುಳ್ಳಿ ಕೈಯಲ್ಲೇ ಸಹಿ ಹಾಕಿದಳು. ಪೇದೆ ಹೋದ. ಆಗ ಶುರುವಾಯಿತು ನಡುಕ. ಗಂಡನಿಗೆ ಬಿ.ಪಿ. ಆ ವಾರದಲ್ಲೇ ಮೈದುನನ ಮಗಳ ನಿಶ್ಚಿತಾರ್ಥ. ಈಗ ಹೇಳಿದರೆ ಮನೆಯೆಲ್ಲ ರಂಪ. ನಿಶ್ಚಿತಾರ್ಥ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡು ಆ ಕಾಗದವನ್ನು ಮಡಚಿ ತೊಗರಿಬೇಳೆ ಡಬ್ಬಿಯ ತಳಕ್ಕೆ ಇಟ್ಟಳು. ನಿಶ್ಚಿತಾರ್ಥ ಮುಗಿಯಿತು. ಆದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದಾರೆಂಬ ಹೊಸ ಹೆದರಿಕೆ ಹುಟ್ಟಿತು. ಹೆದರಿಕೆ ಬೆಳೆಯುತ್ತಾ ಹೋಯಿತು, ತಾರೀಖು ಕಳೆದುಹೋಯಿತು. ಕೆಲವು ವಾರಗಳ ನಂತರ ಪೊಲೀಸರು ವಾರಂಟ್ ಹಿಡಿದು ನೇರ ಮಿಲ್ಲಿಗೇ ಬಂದರು. ಧಣಿಗಳ ಮುಂದೆ, ಹಮಾಲರ ಮುಂದೆ, ಏನೂ ತಿಳಿಯದ ಆ ಮನುಷ್ಯ ತಲೆ ತಗ್ಗಿಸಿಕೊಂಡು ಹೋಗಬೇಕಾಯಿತು.

ಪುಣ್ಯಕ್ಕೆ ಅದು ಜಾಮೀನು ಕೊಟ್ಟರೆ ಬಿಡುವ ವಾರಂಟ್. ಜಾಮೀನುದಾರರನ್ನು ಹುಡುಕಿ, ಮುಚ್ಚಳಿಕೆ ಬರೆದುಕೊಟ್ಟು, ವಕೀಲರನ್ನು ಹಿಡಿದು, ಎರಡು ದಿನದ ಸಂಬಳ ಕಳೆದುಕೊಂಡು ಅಂತೂ ದಂಡ ಕಟ್ಟಿ ಬಂದರು. ದಂಡಕ್ಕಿಂತ ಉಳಿದ ಖರ್ಚೇ ಹೆಚ್ಚಾಯಿತು. ಮನೆಗೆ ಬಂದು ಡಬ್ಬಿಯಿಂದ ಆ ಕಾಗದ ತೆಗೆದು ಕೊನೆಯ ಸಾಲಿನವರೆಗೆ ಓದಿದಾಗ ಇಬ್ಬರೂ ಸುಮ್ಮನೆ ಕುಳಿತರಂತೆ. ತಪ್ಪೊಪ್ಪಿಕೊಳ್ಳುವುದಾದರೆ ಕೋರ್ಟಿಗೆ ಬರುವುದೇ ಬೇಡ, ಇಷ್ಟು ದಂಡದ ಹಣವನ್ನು ಅಂಚೆಯಲ್ಲಿ ಕಳಿಸಿದರೆ ಸಾಕು ಎಂದು ಅದರಲ್ಲೇ ಇತ್ತು!

ಭಾವ ಬೈಯಲಿಲ್ಲವಂತೆ. “ದಂಡ ಹೋಗ್ಲಿ ಬಿಡು. ನನಗ ಒಂದು ಮಾತು ಹೇಳಬಾರದಾಗಿತ್ತಾ?” ಎಂದರಂತೆ. ಬೈದಿದ್ದರೇ ಚೆನ್ನಾಗಿತ್ತು ಎಂದು ನನ್ನ ತಂಗಿ ಫೋನಿನಲ್ಲಿ ಅತ್ತಳು. “ಅಕ್ಕಾ, ಇದನ್ನ ನಿನ್ನ ಪುಸ್ತಕದಾಗ ಬರಿ, ಹೆಸರು ಮಾತ್ರ ಬ್ಯಾಡ” ಎಂದವಳೂ ಅವಳೇ.

ಈಗ ಪತ್ರ ಬರೆದ ಸೋದರಿಗೆ ಉತ್ತರ. ಆ ಪೊಲೀಸಿನವರು ಹೇಳಿದ್ದು ನಿಜ. ಇದು ಹೊಸ ಮಾತು, ಗಮನವಿಟ್ಟು ಓದಿ. 1898ರ ಹಳೆಯ ದಂಡ ಪ್ರಕ್ರಿಯಾ ಕಾನೂನಿನಲ್ಲಿಯೂ, ಆಮೇಲೆ ಬಂದ 1973ರ ಕಾನೂನಿನಲ್ಲಿಯೂ ಸಮನ್ಸು ಹೆಸರಿರುವವರು ಸಿಗದಿದ್ದರೆ ಜೊತೆಯಲ್ಲಿ ವಾಸವಾಗಿರುವ ‘ವಯಸ್ಕ ಪುರುಷ ಸದಸ್ಯ’ರ ಕೈಗೆ ಕೊಡಬೇಕು ಎಂದಿತ್ತು. ಹೆಂಡತಿ, ತಾಯಿ, ಮಗಳು ಮನೆಯಲ್ಲಿದ್ದರೂ ಲೆಕ್ಕಕ್ಕಿಲ್ಲ! ಸಿವಿಲ್ ದಾವೆಗಳಲ್ಲಿ 1976ರ ತಿದ್ದುಪಡಿಯಿಂದಲೇ ಹೆಂಗಸರಿಗೂ ಸಮನ್ಸು ಕೊಡಬಹುದಾಗಿತ್ತು. ಕ್ರಿಮಿನಲ್ ಕೇಸುಗಳಲ್ಲಿ ಅದು ಬದಲಾದದ್ದು 2024ರ ಜುಲೈ 1ರಂದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗ. ಅದರ ಕಲಂ 66ರಲ್ಲಿ ‘ಪುರುಷ’ ಎಂಬ ಮಾತು ಬಿಟ್ಟುಹೋಗಿದೆ. ಮನೆಯ ವಯಸ್ಕ ಸದಸ್ಯರು ಯಾರಾದರೂ ಸರಿ. ಮನೆಗೆಲಸದವರ ಕೈಗೆ ಮಾತ್ರ ಕೊಡುವಂತಿಲ್ಲ.

ಇದು ನಮಗೆ ಸಿಕ್ಕ ಗೌರವವೂ ಹೌದು, ಹೊಣೆಯೂ ಹೌದು. ಮೊದಲು “ಗಂಡಸರು ಇಲ್ಲ” ಎಂದರೆ ಪೇದೆ ಮರಳಿ ಹೋಗುತ್ತಿದ್ದ. ಈಗ ನಿಮ್ಮ ಕೈಗೆ ಬಂದ ಕಾಗದ ಯಜಮಾನರ ಕೈಗೆ ಮುಟ್ಟಿದಂತೆಯೇ ಲೆಕ್ಕ. ನನಗೆ ಹೇಳಿಯೇ ಇರಲಿಲ್ಲ ಎಂದು ಅವರು ಆಮೇಲೆ ಹೇಳಿದರೆ ವಾರಂಟು ನಿಲ್ಲುವುದಿಲ್ಲ.

ಸಹಿಯ ಭಯ ಬೇಡ. ಕಾಗದದ ಇನ್ನೊಂದು ಪ್ರತಿಯ ಹಿಂಬದಿಗೆ ನೀವು ಹಾಕುವ ಸಹಿಗೆ ಒಂದೇ ಅರ್ಥ, ‘ಕಾಗದ ಮುಟ್ಟಿದೆ’ ಎಂದು. ತಪ್ಪೊಪ್ಪಿಗೆಗೂ ಅದಕ್ಕೂ ಸಂಬಂಧವಿಲ್ಲ. ರಿಜಿಸ್ಟರ್ ಅಂಚೆಗೆ ಸಹಿ ಹಾಕುವುದಿಲ್ಲವೆ, ಹಾಗೆ. ಬಾಗಿಲು ಹಾಕಿಕೊಂಡರೆ ಏನಾಗುತ್ತದೆ? ಯಾರ ಕೈಗೂ ಕೊಡಲಾಗದಿದ್ದರೆ ಎಲ್ಲರಿಗೂ ಕಾಣುವ ಕಡೆ ಮನೆಗೇ ಅದನ್ನು ಅಂಟಿಸಿ ಹೋಗಲು ಕಾನೂನಿನಲ್ಲಿ ದಾರಿಯಿದೆ. ಕೈಯಲ್ಲಿ ತೆಗೆದುಕೊಂಡರೆ ನಾಲ್ಕು ಗೋಡೆಯೊಳಗೆ ಉಳಿಯುವ ಸುದ್ದಿ, ಬಾಗಿಲಿಗೆ ಅಂಟಿದರೆ ಓಣಿಗೆಲ್ಲ ತಿಳಿಯುತ್ತದೆ. ಮರ್ಯಾದೆಗೆ ಯಾವುದು ಒಳ್ಳೆಯದು, ನೀವೇ ಹೇಳಿ.

ಇಂಥ ಸಣ್ಣ ಕೇಸುಗಳು ಎಲ್ಲಿ ನಡೆಯುತ್ತವೆ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಎಷ್ಟೋ ಊರುಗಳಲ್ಲಿ ನಗರಸಭೆಯದೇ ಒಂದು ಕೋರ್ಟು ಇರುತ್ತದೆ. ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಅಂದರೆ 1953ರ ಅಕ್ಟೋಬರ್ 1ಕ್ಕೆ ಮುಂಚೆ, ಆ ಪ್ರಾಂತ್ಯದ ಪಟ್ಟಣಗಳಲ್ಲಿ ಊರಿನ ಗಣ್ಯರೇ ಗೌರವ ಮ್ಯಾಜಿಸ್ಟ್ರೇಟರಾಗಿ ಕುಳಿತು ಬೀದಿ ಗಲೀಜಿನಂಥ ಕೇಸುಗಳನ್ನು ತೀರಿಸುವ ‘ಬೆಂಚ್ ಕೋರ್ಟು’ಗಳಿದ್ದವು. ಈಗ ಪೊಲೀಸಿನವರು ಹಾಕಿದ್ದಿರಲಿ, ಪುರಸಭೆಯ ಕಾಯ್ದೆ ಮುರಿದದ್ದಿರಲಿ, ಇಂಥವು ಮ್ಯಾಜಿಸ್ಟ್ರೇಟ್ ಕೋರ್ಟಿಗೇ ಬರುತ್ತವೆ. ನಿಮ್ಮ ಕೇಸು ಯಾವ ಊರಿನ ಯಾವ ಕೋರ್ಟು ಎಂಬುದು ಕಾಗದದ ತಲೆಯಲ್ಲೇ ಇರುತ್ತದೆ.

ಅಂಚೆಯಲ್ಲಿ ತೀರುವ ಕೇಸುಗಳು ಯಾವುವು? ಬರೀ ದಂಡವೇ ಶಿಕ್ಷೆಯಾಗಿದ್ದು, ಆ ದಂಡವೂ 5,000 ರೂಪಾಯಿ ಮೀರದ ಅಪರಾಧಗಳು. ಸಾರ್ವಜನಿಕ ರಸ್ತೆಗೆ ಅಡ್ಡಿ ಮಾಡಿದರೆ ಹಳೆಯ ಕಾನೂನಿನಲ್ಲಿ 200 ರೂಪಾಯಿವರೆಗೆ ದಂಡವಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯ ಕಲಂ 285ರಲ್ಲಿ ಅದು 5,000 ರೂಪಾಯಿವರೆಗೆ ಏರಿದೆ. ಮನೆ ಕಟ್ಟುವಾಗ ಬೀದಿಗೆ ಸುರಿದ ಉಸುಕೂ ಇದರೊಳಗೆ ಬರುತ್ತದೆ, ಸುಗ್ಗಿಯಲ್ಲಿ ದಾರಿಯ ಮೇಲೆ ಹರವಿದ ಭತ್ತವೂ ಬರಬಹುದು. ತಾರೀಖಿಗೆ ಮುಂಚೆ ತಪ್ಪೊಪ್ಪಿಗೆಯನ್ನು ಬರೆದು, ಸಮನ್ಸಿನಲ್ಲಿ ಹೇಳಿದ ದಂಡದೊಡನೆ ಅಂಚೆಯಲ್ಲಾಗಲಿ ಯಾರ ಕೈಯಲ್ಲಾಗಲಿ ಕಳಿಸಬಹುದು. ವಕೀಲರ ಮೂಲಕವೂ ಒಪ್ಪಿಕೊಳ್ಳಬಹುದು.

ಆದರೆ ಒಂದು ಎಚ್ಚರಿಕೆ. ಬೇಗ ತೀರಲಿ ಎಂದು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಡಿ. ತಪ್ಪೊಪ್ಪಿಗೆ ಎಂದರೆ ಅಪರಾಧ ಸಾಬೀತಾದಂತೆ. ನಾಳೆ ಮಗ ಸರ್ಕಾರಿ ನೌಕರಿಗೆ ಅರ್ಜಿ ಹಾಕುವಾಗ, ನಿಮ್ಮ ಮೇಲೆ ಕೇಸಿತ್ತೇ ಎಂಬ ಪ್ರಶ್ನೆ ಬಂದರೆ ಸುಳ್ಳು ಬರೆಯುವಂತಿಲ್ಲ. ನಿಜವಾಗಿ ತಪ್ಪು ಮಾಡಿಲ್ಲವೆಂದಾದರೆ ಅದನ್ನು ಕೋರ್ಟಿನಲ್ಲಿ ಹೇಳುವ ಹಕ್ಕು ಇದ್ದೇ ಇದೆ. ಜೈಲು ಶಿಕ್ಷೆಗೂ ಅವಕಾಶವಿರುವ ಕೇಸುಗಳು ಸಾಮಾನ್ಯವಾಗಿ ಅಂಚೆಯಲ್ಲಿ ಮುಗಿಯುವುದಿಲ್ಲ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದರೆ ದಂಡ 1,000 ರೂಪಾಯಿವರೆಗೆ ಮಾತ್ರ, ಆದರೆ 24 ಗಂಟೆಯವರೆಗೆ ಸಾದಾ ಸಜೆಯೂ ಉಂಟು. ಇಲ್ಲವೆ ಸಂಬಳವಿಲ್ಲದೆ ಊರಿನ ಕೆಲಸ ಮಾಡಿಸುವ ‘ಸಮುದಾಯ ಸೇವೆ’ಯ ಶಿಕ್ಷೆಯನ್ನೂ ಕೋರ್ಟು ಕೊಡಬಹುದು. ಇದು ಹೊಸ ಕಾನೂನಿನಲ್ಲಿ ಬಂದದ್ದು. ಕೆಲವು ಮನೆಗಳ ಸೋದರಿಯರು ಇದನ್ನು ಓದಿ ಸಮಾಧಾನಪಟ್ಟರೂ ಆಶ್ಚರ್ಯವಿಲ್ಲ!

ಎರಡನೆಯ ಪತ್ರ ಕುರುಗೋಡಿನದು. “ಸ್ಕೂಟರು ನನ್ನ ಹೆಸರಿನಲ್ಲಿದೆ. ಮಗನಿಗೆ ಹದಿನಾರು ವರ್ಷ. ಟ್ಯೂಷನ್ನಿಗೆ, ದೊಡ್ಡಬಸವೇಶ್ವರನ ಗುಡಿಗೆ, ಅಂಗಡಿಗೆ ಅವನೇ ಓಡಿಸುತ್ತಾನೆ. ಹಿಡಿದರೆ ಅವನಿಗೆ ದಂಡ ಹಾಕುತ್ತಾರೆ ಅಷ್ಟೇ ಅಲ್ಲವೆ? ನಾನು ಕಟ್ಟಿಬಿಡುತ್ತೇನೆ.”

ಅಷ್ಟೇ ಅಲ್ಲ, ತಾಯಿ. ಇದು ಉಸುಕಿನ ಗುಡ್ಡೆಯಂಥ ಕೇಸಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ ಕಲಂ 199ಎ ಪ್ರಕಾರ ಪ್ರಾಪ್ತ ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಆರೋಪಿ ಆಗುವವರು ಪೋಷಕರು ಅಥವಾ ಗಾಡಿಯ ಮಾಲೀಕರು. ನಿಮ್ಮ ವಿಷಯದಲ್ಲಿ ಎರಡೂ ನೀವೇ. ದಂಡ 25,000 ರೂಪಾಯಿ, ಸಜೆ ಮೂರು ವರ್ಷದವರೆಗೆ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ. ನಾಳೆ ಅವನು ದುಡಿಯುವ ವಯಸ್ಸಿಗೆ ಬಂದಾಗ ಬೈಕು ಮುಟ್ಟುವಂತಿಲ್ಲ ಎಂದರೆ ಆ ಕಷ್ಟ ಯಾರದು? ಹದಿನಾರಕ್ಕೆ ಲೈಸೆನ್ಸು ಕೊಡುತ್ತಾರೆ ಎಂದು ಯಾರೋ ಹೇಳಿರಬಹುದು. ಅದು 50 ಸಿ.ಸಿ. ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. ಇಂದು ನಮ್ಮ ಮನೆಗಳ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ ನೂರು ಸಿ.ಸಿ. ದಾಟಿದವು.

ನನಗೆ ತಿಳಿಯದಂತೆ ಓಡಿಸಿದ, ನಾನು ತಡೆಯಲು ಮಾಡಬೇಕಾದ್ದೆಲ್ಲ ಮಾಡಿದ್ದೆ ಎಂದು ರುಜುವಾತು ಮಾಡಿದರೆ ಕಾನೂನು ಬಿಡುತ್ತದೆ. ಆದರೆ ನೀವೇ ಕೀಲಿ ಕೊಟ್ಟು ಕೊತ್ತಂಬರಿ ತರಲು ಕಳಿಸಿದ್ದರೆ ಹಾಗೆ ಹೇಳಲು ಬಾಯಿ ಬರುವುದೇ? ಕೀಲಿಯನ್ನು ಇವತ್ತೇ ನಿಮ್ಮ ಸೆರಗಿಗೆ ಕಟ್ಟಿಕೊಳ್ಳಿ. ಹುಡುಗ ಎರಡು ದಿನ ಮುಖ ಊದಿಸಿಕೊಂಡಾನು, ಮೂರನೆಯ ದಿನ ಸೈಕಲ್ಲು ಹತ್ತುತ್ತಾನೆ.

ಮೂರನೆಯದು ಬಳ್ಳಾರಿಯ ಪತ್ರ. ಓಣಿಯಲ್ಲಿ ಸರ ಕಿತ್ತುಕೊಂಡು ಓಡಿದವನನ್ನು ಈ ಸೋದರಿ ಕಣ್ಣಾರೆ ನೋಡಿ ಪೊಲೀಸರಿಗೆ ಹೇಳಿದ್ದರು. ಈಗ ಅವರ ಹೆಸರಿಗೇ ಸಮನ್ಸು ಬಂದಿದೆ. ಅತ್ತೆಯವರು “ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಕೋರ್ಟು ಹತ್ತಿದ್ದಿಲ್ಲ” ಎಂದು ಊಟ ಬಿಟ್ಟಿದ್ದಾರಂತೆ. ಸೋದರಿ, ಅತ್ತೆಯವರಿಗೆ ನಿಧಾನವಾಗಿ ತಿಳಿಸಿ. ಸಮನ್ಸಿನಲ್ಲಿ ಎರಡು ಬಗೆ. ಆರೋಪಿಗೆ ಬರುವುದು ಒಂದು, ಸಾಕ್ಷಿಗೆ ಬರುವುದು ಇನ್ನೊಂದು. ನಿಮ್ಮದು ಎರಡನೆಯದು. ನಿಮ್ಮ ಮೇಲೆ ಯಾವ ಆಪಾದನೆಯೂ ಇಲ್ಲ, ಒಬ್ಬ ಹೆಣ್ಣುಮಗಳ ಕೊರಳ ಸರದ ಪರವಾಗಿ ನಿಜ ಹೇಳಲು ಕರೆದಿದ್ದಾರೆ. ಸಾಕ್ಷಿಯಾದರೂ ತಾರೀಖಿಗೆ ಹೋಗಲೇಬೇಕು. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಇನ್ನೊಂದು ಮಾತು ಎಲ್ಲರಿಗೂ ತಿಳಿದಿರಲಿ: ತನಿಖೆಯ ಕಾಲದಲ್ಲಿ ಸಾಕ್ಷಿ ಹೇಳಿಕೆಗೆಂದು ಹೆಂಗಸರನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ನಾವಿರುವ ಮನೆಗೇ ಬಂದು ಕೇಳಬೇಕು.

ಹಾಗಾದರೆ ಕಾಗದ ಕೈಗೆ ಬಂದಾಗ ಏನು ಮಾಡಬೇಕು? ಅಡಿಗೆಯ ಪುಟದಲ್ಲಿ ಬರೆಯುವಂತೆ ಕ್ರಮವಾಗಿ ಬರೆಯುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

1. ಸಮಾಧಾನವಾಗಿ ತೆಗೆದುಕೊಳ್ಳಿ. ಯಾರ ಹೆಸರು, ಆರೋಪಿಯೋ ಸಾಕ್ಷಿಯೋ ನೋಡಿ. ಕೋರ್ಟಿನ ಮೊಹರು ಇದೆಯೇ ನೋಡಿ.

2. ಕೋರ್ಟಿನ ಹೆಸರು, ಕೇಸಿನ ನಂಬರು, ಕಲಂ ಮತ್ತು ಹಾಜರಾಗುವ ತಾರೀಖು, ಈ ನಾಲ್ಕನ್ನೂ ಬೇರೆ ಚೀಟಿಯಲ್ಲಿ ಬರೆದುಕೊಳ್ಳಿ. ಓದಲು ಬಾರದಿದ್ದರೆ ನಂಬಿಕೆಯವರಿಂದ ಕೊನೆಯ ಸಾಲಿನವರೆಗೆ ಓದಿಸಿ.

3. ಅದೇ ದಿನ ಸಂಜೆಯೇ ಯಜಮಾನರಿಗೆ ಹೇಳಿ. ಊಟಕ್ಕೆ ಮುಂಚೆ ಬೇಡವೆನಿಸಿದರೆ ಊಟವಾದ ಮೇಲೆ ಹೇಳಿ. ನಾಳೆ ಎನ್ನಬೇಡಿ.

4. ತಾರೀಖಿನ ದಿನ ಕಾಯಿಲೆಯೋ ಬಾಣಂತನವೋ ಇದ್ದರೆ, ಆರೋಪಿಯ ಪರವಾಗಿ ವಕೀಲರು ಹಾಜರಾತಿ ವಿನಾಯಿತಿಗೆ ಅರ್ಜಿ ಹಾಕಬಹುದು. ಹೇಳದೆ ತಪ್ಪಿಸಿಕೊಳ್ಳುವುದೇ ತಪ್ಪು.

5. ತಾರೀಖು ಈಗಾಗಲೇ ಕಳೆದುಹೋಗಿದ್ದರೆ ಪೊಲೀಸರು ಬರುವವರೆಗೆ ಕಾಯಬೇಡಿ. ವಾರಂಟು ತಾನಾಗಿ ಹಳಸಿ ಹೋಗುವುದಿಲ್ಲ, ಕೋರ್ಟು ರದ್ದು ಮಾಡುವವರೆಗೆ ಜೀವಂತ. ವಕೀಲರೊಡನೆ ತಾವಾಗಿಯೇ ಹೋಗಿ ರದ್ದು ಮಾಡಿ ಎಂದು ಕೇಳಿಕೊಳ್ಳುವುದು ಜಾಣತನ.

ವಕೀಲರಿಗೆ ಕೊಡಲು ಹಣವೆಲ್ಲಿ ಎನ್ನುವಿರಾ? ಕೇಸು ನಿಮ್ಮ ಹೆಸರಿನಲ್ಲಿದ್ದರೆ ಹಣದ ಮಾತೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ, ವರಮಾನ ಎಷ್ಟೇ ಇರಲಿ, ಹೆಣ್ಣು ಎಂಬ ಒಂದೇ ಕಾರಣಕ್ಕೆ ಉಚಿತ ವಕೀಲರು ಸಿಗುತ್ತಾರೆ. ಗಂಡಸರಿಗೂ ವರಮಾನ ಕಡಿಮೆಯಿದ್ದರೆ ಸಿಗುತ್ತದೆ. ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲೂಕು ಮಟ್ಟದಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ ಇದನ್ನು ನೋಡಿಕೊಳ್ಳುತ್ತವೆ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ 15100 ಎಂಬ ನಂಬರಿಗೆ ಫೋನು ಮಾಡಿ ಕೇಳಿ.

ಫೋನೆಂದರೆ ನೆನಪಾಯಿತು. ವಿಡಿಯೋ ಕರೆಯಲ್ಲಿ ಪೊಲೀಸ್ ಬಟ್ಟೆ ತೊಟ್ಟವರು ಕಾಣಿಸಿಕೊಂಡು “ನಿಮ್ಮ ಮೇಲೆ ಕೇಸಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಹಣ ಹಾಕಿ” ಎನ್ನುವ ಮೋಸ ಈಚೆಗೆ ಬಹಳ ನಡೆದಿದೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಸಮನ್ಸು ಈಗ ಮೊಬೈಲಿಗೂ ಬರಬಹುದು, ನಿಜ. ಆದರೆ ಅದಕ್ಕೆ ಕೋರ್ಟಿನ ಮೊಹರಿನ ಚಿತ್ರವೋ ಡಿಜಿಟಲ್ ಸಹಿಯೋ ಇರಬೇಕು. ಮೊಹರನ್ನೂ ಕಳ್ಳರು ನಕಲು ಮಾಡಿಯಾರು, ಆದ್ದರಿಂದ ಕೇಸಿನ ನಂಬರು ಹಿಡಿದು ಕೋರ್ಟಿನಲ್ಲೇ ವಿಚಾರಿಸಿ. ಫೋನಿನಲ್ಲಿ ಬೆದರಿಸಿ ದಂಡ ಕೇಳುವವರು ಯಾರೇ ಆಗಲಿ, ಕಳ್ಳರೆಂದೇ ತಿಳಿಯಿರಿ.

ನನ್ನ ತಂಗಿಯ ಮನೆಗೆ ಮೊನ್ನೆ ಹೋಗಿದ್ದೆ. ಮೇಲಿನ ಕೋಣೆ ಮುಗಿದಿದೆ, ಬೀದಿ ಚೊಕ್ಕಟವಾಗಿದೆ. ಅಡಿಗೆಮನೆಯ ಗೋಡೆಯಲ್ಲಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಮೊಳೆ ಹೊಡೆದಿದ್ದಾಳೆ. ಕರೆಂಟ್ ಬಿಲ್ಲು, ಪುರಸಭೆಯ ರಸೀತಿ, ಬ್ಯಾಂಕಿನ ನೋಟೀಸು, ಮನೆಗೆ ಬಂದ ಕಾಗದವೆಲ್ಲ ಮೊದಲು ಅಲ್ಲಿಗೆ. ಗಂಡ ಮಿಲ್ಲಿನಿಂದ ಬಂದು ಕೈಕಾಲು ತೊಳೆದು ನೋಡುವುದೂ ಮೊದಲು ಅದನ್ನೇ. “ಈಗ ಡಬ್ಯಾಗ ಬ್ಯಾಳಿ ಮಾತ್ರ ಐತಕ್ಕಾ” ಎಂದು ನಕ್ಕಳು.

ಸೋದರಿಯರೆ, ನೀವೂ ಒಂದು ಮೊಳೆ ಹೊಡೆಯಿರಿ.